ಕೆಸರಿಗೆ ಜಲ್ಲಿಯ ಕಂಬ, ಟೆಂಡರಿಗೆ ಮಣ್ಣಿನ ವರದಿ

2025ರ ಮೇ 19ರಂದು ಕೇರಳದ ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಹೊಸ ಒಡ್ಡು ಪಕ್ಕದ ಸರ್ವಿಸ್ ರಸ್ತೆಯನ್ನೂ ಎಳೆದುಕೊಂಡು ಗದ್ದೆಗೆ ಕುಸಿಯಿತು. ಇಂಥದ್ದು ನಡೆದಾಗ ಜನರ ಕಣ್ಣು ಮೊದಲು ಹೋಗುವುದು ಗೋಡೆಯ ಕಾಂಕ್ರೀಟಿನ ಮೇಲೆ, ಕಂಬಿಯ ಮೇಲೆ, ಯಾರೋ ನುಂಗಿರಬಹುದಾದ ಸಿಮೆಂಟಿನ ಮೇಲೆ. ಹೆದ್ದಾರಿ ಪ್ರಾಧಿಕಾರದ ಮೊದಲ ವಿವರಣೆ ಅದಕ್ಕಿಂತ ಕೆಳಗೆ ಬೊಟ್ಟು ಮಾಡಿತು: ಎತ್ತರದ ಒಡ್ಡಿನ ಭಾರವನ್ನು ಗದ್ದೆಯ ನೆಲ ಹೊರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಕೊಲ್ಲಂ ಜಿಲ್ಲೆಯ ಕೊಟ್ಟಿಯಂ ಬಳಿ ಇದೇ ಹೆದ್ದಾರಿಯ ಮತ್ತೊಂದು ಒಡ್ಡು ಜರಿಯಿತು. ಪಕ್ಕದ ರಾಜ್ಯದ ಸುದ್ದಿ ಎಂದು ಪುಟ ತಿರುವುವ ಹಾಗಿಲ್ಲ. ಈ ರಸ್ತೆಯೇ ತಲಪಾಡಿಯಲ್ಲಿ ಗಡಿ ದಾಟಿ ಬಂದು ನೇತ್ರಾವತಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ನದಿಗಳು ಕಡಲು ಸೇರುವ ತಗ್ಗುಗಳನ್ನು ಒಂದೊಂದಾಗಿ ದಾಟಿ ಗೋವೆಗೆ ಹೋಗುತ್ತದೆ. ಆ ತಗ್ಗುಗಳಲ್ಲಿರುವುದೂ ಬೈಲುಗದ್ದೆ, ಗಜನಿ ಭೂಮಿ, ಕಾಲಿಟ್ಟರೆ ಹೂತುಹೋಗುವ ಕಂಪವೇ.

ಲೆಕ್ಕ ಕಷ್ಟದ್ದೇನಲ್ಲ. ದಿಮ್ಮಸು ಹೊಡೆದ ಮಣ್ಣು ಘನ ಮೀಟರಿಗೆ ಹೆಚ್ಚುಕಡಿಮೆ 2 ಟನ್ ತೂಗುತ್ತದೆ. ಹಾಗಾಗಿ 10 ಮೀಟರ್ ಎತ್ತರದ ಒಡ್ಡು ತನ್ನ ಕೆಳಗಿನ ಪ್ರತಿ ಚದರ ಮೀಟರ್ ನೆಲದ ಮೇಲೆ 20 ಟನ್ ಹೇರುತ್ತದೆ. ಬೆರಳಲ್ಲಿ ಸುಲಭವಾಗಿ ಅದುಮಬಹುದಾದ ಹಸಿ ಜೇಡಿಗೆ ಚದರ ಮೀಟರಿಗೆ 2 ಟನ್ನಿನಷ್ಟು ತಾಳುಬಲ ಇದೆ ಎನ್ನಿ. ಅಂಥ ನೆಲ ಸೋಲುವ ಅಂಚು ಆ ಬಲದ ಸುಮಾರು ಐದು ಪಟ್ಟು, ಅಂದರೆ 10 ಟನ್. ಒಡ್ಡು 5 ಮೀಟರ್ ಮುಟ್ಟುವಷ್ಟರಲ್ಲಿ ನೆಲ ಬಿದ್ದೇಬೀಳುವ ಗೆರೆಯ ಮೇಲಿರುತ್ತದೆ. ಸುರಕ್ಷತೆಗೆಂದು ಒಂದಿಷ್ಟು ಮಿಗಿಸಬೇಕಾದ ಪಾಲು ಇದರಲ್ಲಿ ಸೇರಿಯೇ ಇಲ್ಲ. ಎಂಜಿನಿಯರಿಂಗ್ ಕಾಲೇಜಿನ ಮೂರನೇ ವರ್ಷದ ಹುಡುಗರು ಕಾಗದದ ಅಂಚಿನಲ್ಲಿ ಮಾಡುವ ಲೆಕ್ಕ ಇದು. ಅದು ತಪ್ಪುವುದು ಗುಣಾಕಾರ ಬಾರದ್ದಕ್ಕಲ್ಲ, ಆ '2 ಟನ್' ಎಂಬ ಅಂಕಿ ಯಾರ ಕೈಯಲ್ಲೂ ಇಲ್ಲದ್ದಕ್ಕೆ. ನನ್ನ ವಾದವೂ ಅಲ್ಲೇ ಇದೆ. ಮೆದು ನೆಲವನ್ನು ಗಟ್ಟಿ ಮಾಡುವ ವಿದ್ಯೆ ನಮ್ಮಲ್ಲಿದೆ, ಹಳೆಯದು, ದುಬಾರಿಯೂ ಅಲ್ಲ. ಆದರೆ ಆ ವಿದ್ಯೆ ನೆಲವನ್ನು ಮೊದಲು ತಿಳಿದುಕೊಂಡವರಿಗಷ್ಟೇ ಒಲಿಯುತ್ತದೆ. ತಿಳಿದುಕೊಳ್ಳುವ ಕೆಲಸಕ್ಕೆ ನಮ್ಮ ಗುತ್ತಿಗೆ ಪದ್ಧತಿಯಲ್ಲಿ ಬೆಲೆಯಿಲ್ಲ.

ಆ ವಿದ್ಯೆಗಳಲ್ಲಿ ಮುಖ್ಯವಾದದ್ದನ್ನು ಎಂಜಿನಿಯರುಗಳು ಸ್ಟೋನ್ ಕಾಲಮ್ ಎನ್ನುತ್ತಾರೆ. ಜಲ್ಲಿ ಕಂಬ ಎಂದರೆ ನಮಗೆ ಬೇಗ ತಿಳಿಯುತ್ತದೆ. ಮೆದು ಮಣ್ಣಿನಲ್ಲಿ ಸಾಮಾನ್ಯವಾಗಿ 60 ಸೆಂಟಿಮೀಟರಿನಿಂದ ಒಂದು ಮೀಟರ್ ಚಿಲ್ಲರೆ ಅಗಲದ ಆಳವಾದ ತೂತು ಮಾಡಿ, ಅದಕ್ಕೆ ಒಡೆದ ಜಲ್ಲಿಯನ್ನು ಸ್ವಲ್ಪ ಸ್ವಲ್ಪವೇ ಸುರಿದು, ಪ್ರತಿ ಪದರವನ್ನೂ ಅದುರುವ ಯಂತ್ರದಿಂದಲೋ ಭಾರದ ಗುಂಡಿನಿಂದಲೋ ಜಡಿಯುತ್ತಾ ಮೇಲೆ ಬರುತ್ತಾರೆ. ಎರಡು ಮೂರು ಮೀಟರಿಗೊಂದರಂತೆ ನೂರಾರು ಕಂಬಗಳು ನೆಲದೊಳಗೆ ನಿಲ್ಲುತ್ತವೆ. ಮೇಲೆ ಮರಳು, ಜಲ್ಲಿಯ ಹಾಸು ಹಾಕಿದರೆ ಮುಗಿಯಿತು. ಸಿಮೆಂಟಿಲ್ಲ, ಕಂಬಿಯಿಲ್ಲ. ಒಂದಕ್ಕೊಂದು ಅಂಟದ ಜಲ್ಲಿ ಭಾರ ಹೊರುವುದು ಹೇಗೆ ಎಂಬ ಪ್ರಶ್ನೆಗೆ ಕರಾವಳಿಯವರಿಗೆ ವಿವರಣೆ ಬೇಕಿಲ್ಲ, ಅವರು ಅಕ್ಕಿ ಮುಡಿ ನೋಡಿದವರು. ನೆಲದ ಮೇಲೆ ಸುರಿದ ಅಕ್ಕಿಯ ರಾಶಿಯನ್ನು ತುಳಿದರೆ ಕಾಲಡಿಯಲ್ಲಿ ಹರಡಿಹೋಗುತ್ತದೆ. ಅದೇ ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗ ಬಿಗಿದು, ಬಡಿದು ಮುಡಿ ಕಟ್ಟಿದರೆ ಮೇಲೆ ಆಳು ನಿಂತರೂ ಜಗ್ಗುವುದಿಲ್ಲ. ಕಾಳಿಗೆ ಬಲ ಬಂದದ್ದು ಕಟ್ಟಿನಿಂದ. ಜಲ್ಲಿ ಕಂಬದ ಮೇಲೂ ಭಾರ ಬಿದ್ದಾಗ ಅದು ಹೊಟ್ಟೆ ಉಬ್ಬಿಸಿ ಪಕ್ಕಕ್ಕೆ ಹರಡಲು ನೋಡುತ್ತದೆ. ಸುತ್ತಲಿನ ಮಣ್ಣು ಅದನ್ನು ಅದುಮಿ ಹಿಡಿಯುತ್ತದೆ. ಈ ಉಬ್ಬು ಬಹುತೇಕ ಮೇಲ್ಭಾಗದಲ್ಲಿ, ಕಂಬದ ಅಗಲದ ನಾಲ್ಕು ಪಟ್ಟು ಆಳದೊಳಗೇ ಆಗುತ್ತದೆ. 2.5 ಮೀಟರ್ ಅಂತರದಲ್ಲಿ ತ್ರಿಕೋನಾಕಾರದಲ್ಲಿ ನೆಟ್ಟ ಒಂದು ಮೀಟರ್ ಅಗಲದ ಕಂಬಗಳು ನೆಲದ ಸುಮಾರು ಶೇ 15ರಷ್ಟು ಜಾಗವನ್ನಷ್ಟೇ ತೆಗೆದುಕೊಳ್ಳುತ್ತವೆ. ಆದರೆ ಪಕ್ಕದ ಮಣ್ಣಿಗಿಂತ ನಾಲ್ಕು ಪಟ್ಟು ಒತ್ತಡವನ್ನು ಕಂಬ ಎಳೆದುಕೊಂಡರೆ ಒಟ್ಟು ಭಾರದ ಶೇ 40ರಷ್ಟು ಅದರ ಪಾಲಿಗೆ ಹೋಗುತ್ತದೆ. ಮಣ್ಣಿನ ಹೊರೆ ಅಷ್ಟರಮಟ್ಟಿಗೆ ಇಳಿಯಿತು.

ಇನ್ನೊಂದು ಲಾಭ ನೀರಿನದು. ಹಸಿ ಜೇಡಿಯ ಮೇಲೆ ಭಾರ ಹೇರಿದಾಗ ಮೊದಲು ಒತ್ತಡ ಬೀಳುವುದು ಅದರ ಸಂದುಗಳಲ್ಲಿರುವ ನೀರಿನ ಮೇಲೆ. ನೀರು ಹೊರಗೆ ಹೋದಷ್ಟೂ ಮಣ್ಣು ಕುಗ್ಗಿ ಗಟ್ಟಿಯಾಗುತ್ತದೆ, ಹೋಗುವ ತನಕ ಬಲವೂ ಬರುವುದಿಲ್ಲ. ಜೇಡಿಯಲ್ಲಿ ನೀರಿನ ನಡಿಗೆ ಬಹಳ ನಿಧಾನ. ಹತ್ತು ಮೀಟರ್ ದಪ್ಪದ ಪದರ ಕುಗ್ಗಿ ಮುಗಿಯಲು ವರ್ಷಗಳೇ, ಕೆಲವೆಡೆ ದಶಕಗಳೇ ಬೇಕು. ಹೊಸ ರಸ್ತೆ ಉದ್ಘಾಟನೆಯಾದ ಮೇಲೂ ಸೇತುವೆಯ ತಲೆಯ ಬಳಿ ಪ್ರತಿ ಮಳೆಗಾಲ ಒಂದು ಗುಳಿ ಬೀಳುವುದು, ಅದಕ್ಕೆ ಡಾಂಬರು ಸುರಿಯುವುದು, ಅದು ಮತ್ತೆ ಇಳಿಯುವುದು ಇದರಿಂದಲೇ: ಸೇತುವೆ ಪೈಲಿನ ಮೇಲೆ ನಿಂತಿದೆ, ಒಡ್ಡು ಕೆಸರಿನ ಮೇಲೆ ಕೂತಿದೆ. ಜಲ್ಲಿ ಕಂಬಗಳ ನಡುವೆ ನೀರು ಒಂದು ಮೀಟರ್ ಆಚೀಚೆ ಸರಿದರೆ ಸಾಕು, ಹೊರದಾರಿ ಸಿಗುತ್ತದೆ. ದಾರಿ ಅರ್ಧವಾದರೆ ಸಮಯ ಕಾಲುಭಾಗಕ್ಕಿಳಿಯುತ್ತದೆ ಎಂಬುದು ಇಲ್ಲಿಯ ನಿಯಮ. ಕಂಬ ಕೊರೆಯುವಾಗ ಬದಿಯ ಜೇಡಿ ಮೆತ್ತಿಕೊಂಡು ಸಂದು ಕಟ್ಟುವುದೂ ಉಂಟು, ಲೆಕ್ಕದಷ್ಟು ವೇಗ ಸಿಗದಿರಬಹುದು. ಆದರೂ ವರ್ಷಗಳು ತಿಂಗಳುಗಳಿಗೆ ಇಳಿಯುತ್ತವೆ.

ಇದೇನು ಪ್ರಯೋಗಾಲಯದಲ್ಲಿ ನಿನ್ನೆ ಹುಟ್ಟಿದ್ದಲ್ಲ. 1830ರ ದಶಕದಲ್ಲೇ ಫ್ರಾನ್ಸಿನ ಸೇನಾ ಎಂಜಿನಿಯರುಗಳು ಬಯೋನ್ ಪಟ್ಟಣದ ಆಯುಧಾಗಾರದಲ್ಲಿ ಮರದ ಗೂಟ ಹೊಡೆದು, ಕಿತ್ತು, ಆ ತೂತಿಗೆ ಸುಣ್ಣಕಲ್ಲಿನ ಚೂರು ತುಂಬಿ ಭಾರದ ಅಡಿಪಾಯ ನಿಲ್ಲಿಸಿದ್ದರು. ಆಮೇಲೆ ಆ ಉಪಾಯ ಮರೆತೇಹೋಯಿತು. 1930ರ ದಶಕದಲ್ಲಿ ಜರ್ಮನಿಯಲ್ಲಿ ಮರಳನ್ನು ಅದುರಿಸಿ ಬಿಗಿ ಮಾಡುವ ಆಳದ ಯಂತ್ರ ಬಂತು, 1950ರ ದಶಕದಲ್ಲಿ ಅದೇ ಯಂತ್ರ ಜೇಡಿಗೆ ಜಲ್ಲಿ ತುಂಬುವ ಕೆಲಸಕ್ಕೂ ಒದಗಿತು. ನಮ್ಮಲ್ಲಿ 1970ರ ದಶಕದಲ್ಲಿ ಕೆ.ಆರ್. ದಾತೆ ಮತ್ತು ಎಸ್.ಎಸ್. ನಾಗರಾಜು ಎಂಬ ಎಂಜಿನಿಯರುಗಳು ಇನ್ನೂ ಸರಳವಾದ ದಾರಿ ಹಿಡಿದರು. ವಿದೇಶಿ ಯಂತ್ರದ ಗೊಡವೆಯಿಲ್ಲದೆ ತೂತು ಕೊರೆದು, ಜಲ್ಲಿ ಸುರಿದು, ಭಾರದ ಗುಂಡನ್ನು ಎತ್ತಿಹಾಕಿ ಜಡಿಯುವ ಕ್ರಮ ಅದು. ಬೋರ್‌ವೆಲ್ಲಿಗೂ ಪೈಲಿಗೂ ದುಡಿಯುವ ಕೈಗಳೇ ಅದನ್ನೂ ಮಾಡಬಲ್ಲವು. 2003ರಲ್ಲಿ ಭಾರತೀಯ ಮಾನಕ ಬ್ಯೂರೋ ಜಲ್ಲಿ ಕಂಬಕ್ಕೆಂದೇ ಐಎಸ್ 15284ರ ಮೊದಲ ಭಾಗವನ್ನು ಹೊರತಂದಿತು. ಯಾವ ಬಲದ ಮಣ್ಣಿಗೆ ಒಗ್ಗುತ್ತದೆ, ಜಲ್ಲಿಯ ಗಾತ್ರವೆಷ್ಟು, ಭಾರದ ಪರೀಕ್ಷೆ ಹೇಗೆ ಎಲ್ಲವೂ ಅದರಲ್ಲಿದೆ. ಸಂಹಿತೆಯಿಲ್ಲ, ಮಾರ್ಗದರ್ಶನವಿಲ್ಲ ಎಂದು ಯಾವ ಇಲಾಖೆಯೂ ನೆಪ ಹೇಳುವಂತಿಲ್ಲ.

ನೆಲ ಸುಧಾರಣೆ ಫಲ ಕೊಟ್ಟಿದೆಯೇ ಎಂದು ಕೇಳಿದರೆ ಭೂಕಂಪಗಳೇ ಸಾಕ್ಷಿ ಹೇಳಿವೆ. 1989ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಪ್ರಿಯೆಟಾ ಕಂಪನವಾದ ಮೇಲೆ ಬರ್ಕ್ಲಿಯ ಮಿಚೆಲ್ ಮತ್ತು ವೆಂಟ್ಜ್ ಎಂಬ ಸಂಶೋಧಕರು ಮೊದಲೇ ನೆಲ ಬಿಗಿ ಮಾಡಿದ್ದ 12 ಜಾಗಗಳನ್ನು ಪರಿಶೀಲಿಸಿದರು. ಪಕ್ಕದಲ್ಲಿ ಹಾಗೇ ಬಿಟ್ಟ ಮರಳು ನೀರಿನಂತಾಗಿ ಕುಸಿದಿದ್ದರೂ ಆ ಜಾಗಗಳಲ್ಲಿ ಹಾನಿ ಇಲ್ಲವೇ ಇಲ್ಲ, ಇಲ್ಲದಿದ್ದರೆ ಅತ್ಯಲ್ಪ. 1995ರ ಕೋಬೆ ಭೂಕಂಪದಲ್ಲಿ ಸಮುದ್ರ ತುಂಬಿ ಕಟ್ಟಿದ ಪೋರ್ಟ್ ಐಲ್ಯಾಂಡಿನಲ್ಲೂ ಬಿಗಿ ಮಾಡಿದ ತುಂಡು ನಿಂತಿತು, ಮಾಡದ ತುಂಡು ಇಳಿಯಿತು. ಇವೆಲ್ಲ ಜಲ್ಲಿ ಕಂಬವೊಂದರದೇ ಕೀರ್ತಿಯಲ್ಲ. ಮರಳಿನ ಕಂಬ, ಬರೀ ಅದುರಿಸುವಿಕೆ ಎಲ್ಲವೂ ಅಲ್ಲಿದ್ದವು. ನಾನು ಹೇಳುವುದು ಜಾತಿಯ ಬಗ್ಗೆ: ನೆಲವನ್ನೇ ರಿಪೇರಿ ಮಾಡಿ ಅದರ ಮೇಲೆ ಕಟ್ಟುವ ಜಾತಿ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಇಷ್ಟೆಲ್ಲ ಪಾಡು ಯಾಕೆ, ಗಟ್ಟಿ ಕಲ್ಲಿನ ತನಕ ಕಾಂಕ್ರೀಟ್ ಪೈಲ್ ಇಳಿಸಿದರೆ ಕೆಸರಿನ ಹಂಗೇ ಇಲ್ಲವಲ್ಲ? ಎತ್ತರದ ಕಟ್ಟಡಕ್ಕೆ, ಸೇತುವೆಗೆ ಈ ಮಾತು ಸರಿ, ಅಲ್ಲಿ ಪೈಲೇ ಬೇಕು. ಆದರೆ 'ಹಂಗೇ ಇಲ್ಲ' ಎಂಬ ಭಾವನೆ ಅಪಾಯದ್ದು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕಾಂಡ್ಲಾ ಬಂದರಿನ ಗೋಪುರ ಕಟ್ಟಡ ವಾಲಿತು. ಸುಮಾರು 22 ಮೀಟರ್ ಎತ್ತರದ ಆ ಕಟ್ಟಡ ನಿಂತಿದ್ದದ್ದು 18 ಮೀಟರ್ ಉದ್ದದ 32 ಪೈಲುಗಳ ಮೇಲೆ. ಸುತ್ತಲಿನ ಮರಳು ಕಂಪನದಲ್ಲಿ ಬಲ ಕಳೆದುಕೊಂಡಾಗ ಪೈಲುಗಳಿಗೂ ಆಸರೆ ತಪ್ಪಿತು. ಪೈಲೂ ಮಣ್ಣಿನಲ್ಲೇ ನಿಲ್ಲಬೇಕು, ಮಣ್ಣನ್ನು ಲೆಕ್ಕದಿಂದ ಕೈಬಿಡಲು ಅದೂ ಪರವಾನಗಿ ಕೊಡುವುದಿಲ್ಲ. ಇನ್ನು ಕಿಲೋಮೀಟರುಗಟ್ಟಲೆ ಹಬ್ಬುವ ಒಡ್ಡು, ಎಣ್ಣೆಯ ಟ್ಯಾಂಕಿ, ಗೋದಾಮು ಇವುಗಳ ಭಾರ ಅಗಲವಾಗಿ ಹರಡಿರುತ್ತದೆ, ಅಷ್ಟಿಷ್ಟು ಇಳಿದರೂ ಸಹಿಸುತ್ತವೆ. ಅವಕ್ಕೆ ಪೈಲಿನ ಕಾಡು ನೆಡುವುದು ದುಂದು. ಹಿತವಾದ ದಾರಿ ನಡುವಿನದು, ಅದೇ ಜಲ್ಲಿ ಕಂಬ. ಜಗತ್ತಿನ ಇಂಗಾಲದ ಹೊಗೆಯಲ್ಲಿ ಸಿಮೆಂಟಿನ ಪಾಲು ಶೇ 7–8ರಷ್ಟಿರುವಾಗ ಸಿಮೆಂಟಿಲ್ಲದ ತಳಪಾಯಕ್ಕೆ ಆ ಕಾರಣಕ್ಕೂ ಒಂದು ಮಾತು ಹೆಚ್ಚು ಸಲ್ಲಬೇಕು.

ಪೈಲಿಗೂ ಜಲ್ಲಿ ಕಂಬಕ್ಕೂ ಇರುವ ನಿಜವಾದ ಅಂತರ ಸ್ವಭಾವದ್ದು. ಪೈಲ್ ಮೆದು ಮಣ್ಣನ್ನು ದಾಟಿ ಹೋಗಲು ನೋಡುತ್ತದೆ, ಜಲ್ಲಿ ಕಂಬ ಅದೇ ಮಣ್ಣಿನ ಹಿಡಿತದಲ್ಲಿ ಬದುಕುತ್ತದೆ. ಕಂಬದ ಬಲ ಜಲ್ಲಿಯ ಬಲವಲ್ಲ, ಸುತ್ತ ಹಿಡಿದ ಮಣ್ಣಿನ ಬಲ. ಆ ಮಣ್ಣು ತೀರಾ ಸೋತಿದ್ದರೆ ಕಂಬ ಉಬ್ಬಿ ಹರಡಿಹೋಗುತ್ತದೆ. ಕಾಳಿದೆ, ಹುಲ್ಲಿಲ್ಲ ಎಂಬಂತೆ. ಆಗ ನಿಜವಾಗಿ ಮುಡಿಯ ಹುಲ್ಲನ್ನೇ ತರಬೇಕಾಗುತ್ತದೆ. ಕಂಬಕ್ಕೆ ಗಟ್ಟಿ ನೇಯ್ಗೆಯ ಚೀಲ ಹೊದಿಸುವ ಕ್ರಮ ಹಾಗೆ ಬಂದದ್ದು. ಹ್ಯಾಂಬರ್ಗಿನಲ್ಲಿ ವಿಮಾನ ಕಾರ್ಖಾನೆಗಾಗಿ ಎಲ್ಬ್ ನದಿಯ ಕೆಸರನ್ನು ತುಂಬಿದಾಗ ಇಂಥ ಚೀಲದ ಮರಳು ಕಂಬಗಳನ್ನು ಹತ್ತಾರು ಸಾವಿರ ಸಂಖ್ಯೆಯಲ್ಲಿ ನೆಟ್ಟರು. ಕೊಳೆತ ಎಲೆ, ಬೇರು ತುಂಬಿದ ಕರಿ ಕೆಸರಿನಲ್ಲಿ ಕಂಬ ನಂಬಿಕೆಗೆ ಅರ್ಹವಲ್ಲ, ಆ ಕೆಸರು ವರ್ಷಾನುಗಟ್ಟಲೆ ಕುಗ್ಗುತ್ತಲೇ ಇರುತ್ತದೆ. ಧಾರವಾಡ, ವಿಜಯಪುರದ ಎರೆ ಭೂಮಿಯ ಕಾಯಿಲೆಯೇ ಬೇರೆ: ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಅಲ್ಲಿ ಜಲ್ಲಿ ಕಂಬ ನೆಟ್ಟರೆ ಮಣ್ಣಿನ ಹೊಟ್ಟೆಗೆ ನೀರಿನ ಕೊಳವೆ ಇಟ್ಟಂತೆ. ಅದಕ್ಕೆ ಬುಡ ಅಗಲಿಸಿದ ಪೈಲು ಇದೆ, ಪ್ರೊ. ಆರ್.ಕೆ. ಕಟ್ಟಿ ರೂಪಿಸಿದ ಉಬ್ಬದ ಮಣ್ಣಿನ ಹಾಸಿನ ಉಪಾಯವಿದೆ. ಹೀಗೆ ಈ ಕಂಬದ ಮಿತಿಗಳನ್ನು ಹೇಳುತ್ತಾ ಹೋದರೆ ಅದರ ವಿರುದ್ಧ ವಾದಿಸಿದಂತೆ ಕಾಣಬಹುದು. ನನಗೆ ಅದರಲ್ಲಿ ಕಾಣುವುದು ಒಂದು ಗುಣ. ಮಣ್ಣನ್ನು ತಿಳಿಯದೆ ಇದನ್ನು ವಿನ್ಯಾಸ ಮಾಡಲು ಸಾಧ್ಯವೇ ಇಲ್ಲ.

ಹಾಗಾದರೆ ಮಣ್ಣನ್ನು ತಿಳಿಯುವ ಕೆಲಸ ಯಾರದು? ಈಗಿನ ಹಲವು ಗುತ್ತಿಗೆ ಮಾದರಿಗಳಲ್ಲಿ ಅಂದಾಜಿನ ಹಂತದ ವರದಿ ಸಲಹೆಗಾರರದು, ವಿವರವಾದ ಪರೀಕ್ಷೆ ಮತ್ತು ವಿನ್ಯಾಸ ಗುತ್ತಿಗೆದಾರರದು. ಟೆಂಡರ್ ಗೆಲ್ಲುವಾಗ ಬೆಲೆ ಇಳಿಸಿದ್ದಾಗಿದೆ. ಆಮೇಲೆ ಬೋರು ಹೊಡೆದು ಇಲ್ಲಿ ನೆಲ ಮೆತ್ತಗಿದೆ ಎಂದು ಬರೆದರೆ ಖರ್ಚು ಬೀಳುವುದು ಬರೆದವರ ಕಿಸೆಗೇ. ಇದರಲ್ಲಿ ಯಾರೂ ದುಷ್ಟರಾಗಬೇಕಿಲ್ಲ. ಕಡಿಮೆ ಬೋರು, ಕಡಿಮೆ ಆಳ, ಎರಡು ಬೋರಿನ ನಡುವೆ ಮಣ್ಣು ಒಂದೇ ಎಂಬ ಊಹೆ, ಇಷ್ಟೇ ಸಾಕು. ಕರಾವಳಿಯಲ್ಲಿ ಈ ಊಹೆಗೆ ದಂಡ ಹೆಚ್ಚು. ಮುರಕಲ್ಲಿನ ಗಟ್ಟಿ ಪದರ ಸಿಕ್ಕಿತೆಂದು ಬೋರು ನಿಲ್ಲಿಸಿದರೆ ಅದರಡಿಯ ಶೇಡಿ ಮಣ್ಣು ವರದಿಯಲ್ಲಿ ಬರುವುದೇ ಇಲ್ಲ. ಬಿಳಿ, ಹಳದಿ, ನಸುಗೆಂಪಿನ ಆ ಮಣ್ಣು ಬೇಸಿಗೆಯಲ್ಲಿ ಗುದ್ದಲಿಗೂ ಜಗ್ಗದು, ಮಳೆಗಾಲದಲ್ಲಿ ನೀರು ಕುಡಿದರೆ ಬಲ ಬಿಟ್ಟುಕೊಡುತ್ತದೆ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಇದರ ಮೇಲೆ ಬಹಳ ಕಾಲದಿಂದ ಅಧ್ಯಯನ ನಡೆದಿದೆ. ಕಾಲೇಜಿನ ಗೇಟಿನ ಮುಂದೆಯೇ ಈ ಹೆದ್ದಾರಿ ಹಾದುಹೋಗುತ್ತದೆ ಎಂಬುದು ಬೇರೆ ಮಾತು. ಮಾರ್ಚಿನಲ್ಲಿ ಹೊಡೆದ ಬೋರಿನ ಅಂಕಿಯನ್ನು ಜುಲೈಗೂ ಅನ್ವಯಿಸುವುದು ಅಜ್ಞಾನವಲ್ಲ, ಆತುರ.

ಎರಡನೆಯ ಆಕ್ಷೇಪ ಕೆಲಸದ ಗುಣಮಟ್ಟದ್ದು, ಅದನ್ನು ಹಗುರವಾಗಿ ತಳ್ಳುವ ಹಾಗಿಲ್ಲ. ಭೂಮಿಯೊಳಗಿನ ಕೆಲಸ ಕಣ್ಣಿಗೆ ಕಾಣದು. ಹನ್ನೆರಡು ಮೀಟರ್ ಬರೆದು ಎಂಟು ಮೀಟರ್ ಹಾಕಿದರೆ ಯಾರು ಇಣುಕಿ ನೋಡುತ್ತಾರೆ? ಆದರೆ ಜಲ್ಲಿ ಕಂಬದ ಲೆಕ್ಕ ಮುಚ್ಚಿಡುವುದು ಅಂದುಕೊಂಡಷ್ಟು ಸುಲಭವಲ್ಲ. ಪ್ರತಿ ಕಂಬಕ್ಕೆ ಎಷ್ಟು ಜಲ್ಲಿ ಇಳಿಯಿತು ಎಂಬುದನ್ನು ಆಳದೊಂದಿಗೆ ತಾಳೆ ನೋಡಬಹುದು. ಅದುರುವ ಯಂತ್ರದಲ್ಲಿ ಕರೆಂಟಿನ ಏರಿಳಿತವೇ ಜಲ್ಲಿ ಎಷ್ಟು ಬಿಗಿಯಾಯಿತೆಂದು ಹೇಳುತ್ತದೆ, ಅದು ತಾನಾಗಿ ದಾಖಲಾಗುವಂತೆ ಮಾಡಬಹುದು. ಗುಂಡು ಹಾಕುವ ಕ್ರಮದಲ್ಲಿ ಒಂದು ಏಟಿಗೆ ಜಲ್ಲಿ ಎಷ್ಟು ಇಳಿಯಿತು ಎಂಬ ಅಳತೆ ಇದೆ. ಕೊನೆಗೆ ಒಂಟಿ ಕಂಬದ ಮೇಲೂ ಮೂರು ಕಂಬಗಳ ಗುಂಪಿನ ಮೇಲೂ ಭಾರ ಹೇರಿ ನೋಡುವ ಪರೀಕ್ಷೆ. ಇಷ್ಟಿದ್ದೂ ಮೋಸ ನಡೆದರೆ ಅದು ತಂತ್ರದ ದೋಷವಲ್ಲ. ಟೆಂಡರಿನ ಬಾಬುಪಟ್ಟಿಯಲ್ಲಿ ನೆಲ ಸುಧಾರಣೆಗೆ ಪ್ರತ್ಯೇಕ ಸಾಲೇ ಇಲ್ಲದೆ, ಅದನ್ನು ಒಡ್ಡಿನ ಒಟ್ಟು ಬೆಲೆಯೊಳಗೆ ಹುದುಗಿಸಿಟ್ಟರೆ ಕಂಬ ಎಣಿಸುವ ಗರಜು ಯಾರಿಗೂ ಬೀಳುವುದಿಲ್ಲ.

ಜಲ್ಲಿ ಬೇಕೆಂದರೆ ಕ್ವಾರಿ ಬೇಕು ಎಂಬ ಮಾತಿಗೆ ಕರ್ನಾಟಕದಲ್ಲಿ ಕಹಿ ನೆನಪುಗಳಿವೆ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ವಾರಿಗೆ ತಂದ ಸ್ಫೋಟಕ ಸಿಡಿದು ಜೀವಗಳು ಹೋದವು. ಹೀಗಾಗಿ ಜಲ್ಲಿ ಕಂಬ ಹಸಿರು ವಿದ್ಯೆ ಎಂದು ಬೀಗುವುದನ್ನು ನಾನು ಒಪ್ಪುವುದಿಲ್ಲ. ಒಂದು ಸಮಾಧಾನವಿದೆ, ಈ ಕಂಬಕ್ಕೆ ಹೊಚ್ಚ ಹೊಸ ಕಲ್ಲೇ ಆಗಬೇಕೆಂದಿಲ್ಲ. ಬ್ರಿಟನ್ನಿನಲ್ಲಿ ರೈಲು ಹಳಿಯಿಂದ ತೆಗೆದ ಹಳೆ ಜಲ್ಲಿ, ಒಡೆದ ಕಟ್ಟಡದ ಕಾಂಕ್ರೀಟ್ ಚೂರುಗಳನ್ನು ಜರಡಿ ಹಿಡಿದು ಬಳಸುತ್ತಾರೆ. ಕೆಡವಿದ ಕಟ್ಟಡದ ಅವಶೇಷವನ್ನು ಕೆರೆಯಂಚಿನಲ್ಲೂ ರಾಜಕಾಲುವೆಯಲ್ಲೂ ಸುರಿಯುವ ನಮ್ಮ ನಗರಗಳು ಇದನ್ನು ಕಲಿಯಬಹುದು. ಗಟ್ಟಿತನ ಪರೀಕ್ಷಿಸಬೇಕು, ಮಣ್ಣು ಸೇರಿರಬಾರದು, ಅಷ್ಟೆ.

ಇವೆಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸುವ ಆಕ್ಷೇಪ ಬೇರೆಯದು. ಕೆಸರನ್ನು ಗಟ್ಟಿ ಮಾಡುವ ಅಗ್ಗದ ವಿದ್ಯೆ ಸಿಕ್ಕಿದರೆ ಕಟ್ಟಬಾರದ ಕಡೆಯಲ್ಲೂ ಕಟ್ಟುವ ಆಸೆ ಹುಟ್ಟುವುದಿಲ್ಲವೇ? ಬೆಂಗಳೂರಿನ ಧರ್ಮಾಂಬುಧಿ ಕೆರೆಯಲ್ಲಿ ಬಸ್ ನಿಲ್ದಾಣ, ಸಂಪಂಗಿ ಕೆರೆಯಲ್ಲಿ ಕ್ರೀಡಾಂಗಣ ಬಂದದ್ದು ಜಲ್ಲಿ ಕಂಬದಿಂದಲ್ಲ, ಆದರೆ ಅದೇ ಮನೋಭಾವದಿಂದ. ಅಘನಾಶಿನಿಯ ಗಜನಿಯಲ್ಲಿ ಕಗ್ಗ ಬತ್ತ, ಸಿಗಡಿ, ಮೀನು ಬೆಳೆಯುವುದು ಅಲ್ಲಿ ಉಪ್ಪುನೀರು ಬಂದು ಹೋಗುವುದರಿಂದ. ಗದ್ದೆಯ ಉದ್ದಕ್ಕೂ ಎತ್ತರದ ಒಡ್ಡು ಹಾಕಿದರೆ, ಅದರ ತಳ ಎಷ್ಟೇ ಗಟ್ಟಿಯಿರಲಿ, ಒಂದು ಕಡೆ ನೆರೆ ನಿಲ್ಲುತ್ತದೆ, ಇನ್ನೊಂದು ಕಡೆ ಉಬ್ಬರದ ನೀರು ಬಾರದು. ಕೂರಿಯಾಡಿನಲ್ಲಿ ಕಡೆಗೆ ಒಡ್ಡನ್ನು ಕೈಬಿಟ್ಟು ಕಂಬಗಳ ಮೇಲೆ ಮೇಲ್ಸೇತುವೆ ಕಟ್ಟುವ ತೀರ್ಮಾನವಾಯಿತು, ಅದೂ ಗುತ್ತಿಗೆದಾರರ ಖರ್ಚಿನಲ್ಲಿ. ಅಂಥ ಬಯಲಿನಲ್ಲಿ ಜಲ್ಲಿ ಕಂಬ ನೆಟ್ಟು ಒಡ್ಡನ್ನು ಉಳಿಸಿಕೊಳ್ಳಬಹುದಿತ್ತು ಎಂದು ನಾನು ವಾದಿಸಲಾರೆ. ಹತ್ತು ಮೀಟರ್ ಎತ್ತರ, ತೀರಾ ಮೆದು ಜೇಡಿ, ಮೇಲೆ ನೆರೆಯ ಹರಿವು ಮೂರೂ ಒಟ್ಟಾದ ಕಡೆ ಮೇಲ್ಸೇತುವೆಯೇ ನ್ಯಾಯ. ಅದು ಮೊದಲೇ ಗೊತ್ತಾಗಬೇಕಿತ್ತು ಎಂಬುದಷ್ಟೇ ನನ್ನ ತಕರಾರು. ಭಾರತೀಯ ರಸ್ತೆ ಕಾಂಗ್ರೆಸ್ಸಿಗೆ ಎತ್ತರದ ಒಡ್ಡುಗಳಿಗೆಂದೇ ಮಾರ್ಗಸೂಚಿಯಿದೆ, ಮೆದು ನೆಲದ ಒಡ್ಡುಗಳಿಗೆ ಇನ್ನೊಂದಿದೆ. ಎಲ್ಲಿ ಹಾಗೇ ಕಟ್ಟಬಹುದು, ಎಲ್ಲಿ ನೆಲ ಸುಧಾರಿಸಬೇಕು, ಎಲ್ಲಿ ಒಡ್ಡನ್ನೇ ಬಿಡಬೇಕು ಎಂಬ ಮೂರು ಉತ್ತರಗಳನ್ನೂ ಕೊಡುವುದು ಒಂದೇ ಮಣ್ಣಿನ ವರದಿ.

ಆ ವರದಿಯನ್ನು ಟೆಂಡರಿಗೆ ಮೊದಲೇ, ಟೆಂಡರಿನಲ್ಲಿ ಪಾಲಿಲ್ಲದವರ ಕೈಯಿಂದ, ಸರ್ಕಾರದ ದುಡ್ಡಿನಲ್ಲಿ ಮಾಡಿಸಬೇಕು. ಕಾಮಗಾರಿ ತಡವಾಗುತ್ತದೆ ಎನ್ನುವವರು ಕುಸಿದ ಒಡ್ಡನ್ನು ತೆಗೆದು ಮತ್ತೆ ಕಟ್ಟುವ ತಿಂಗಳುಗಳನ್ನೂ ಎಣಿಸಲಿ. ಬೋರಿನ ದಾಖಲೆ ಒಬ್ಬರ ಕಡತದಲ್ಲಿ ಕೊಳೆಯಲೂಬಾರದು. ಬ್ರಿಟಿಷ್ ಭೂವಿಜ್ಞಾನ ಸಮೀಕ್ಷಾ ಸಂಸ್ಥೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಬೋರುಗಳ ದಾಖಲೆ ಇದೆ, ಬಹುಪಾಲನ್ನು ಅಂತರ್ಜಾಲದ ನಕ್ಷೆಯ ಮೇಲೆ ಯಾರು ಬೇಕಾದರೂ ನೋಡಬಹುದು. ಕೆಸರಿನ ಮೇಲೇ ದೇಶ ಕಟ್ಟಿಕೊಂಡ ನೆದರ್ಲೆಂಡ್ಸಿನಲ್ಲಿ ನೆಲದಡಿಯ ಮಾಹಿತಿಯನ್ನು ಸರ್ಕಾರಿ ಸಂಸ್ಥೆಗಳು ಒಂದೇ ಕಡೆ ಸಲ್ಲಿಸಬೇಕೆಂಬ ಕಾನೂನು 2018ರಿಂದ ಜಾರಿಯಲ್ಲಿದೆ. ನಮ್ಮ ಕರಾವಳಿಯ ನದಿಮುಖಗಳನ್ನು ಕೊಂಕಣ ರೈಲ್ವೆ 1990ರ ದಶಕದಲ್ಲೇ ದಾಟಿದೆ, ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿನ ಸೇತುವೆಯನ್ನೇ ಕಟ್ಟಿದೆ. ಹೆದ್ದಾರಿಯವರು ಅದೇ ನದಿಗಳನ್ನು ತಮ್ಮ ಸೇತುವೆಗಳಿಂದ ದಾಟಿದ್ದಾರೆ, ಲೋಕೋಪಯೋಗಿ ಇಲಾಖೆಯವರು ಒಳರಸ್ತೆಗಳಲ್ಲಿ ದಾಟಿದ್ದಾರೆ. ಅಷ್ಟೂ ಕಡೆ ತೂತು ಕೊರೆದು, ಮಣ್ಣು ತೆಗೆದು, ಅಳೆದು ಬರೆದದ್ದಾಗಿದೆ. ಅವನ್ನೆಲ್ಲ ಒಂದು ನಕ್ಷೆಯ ಮೇಲೆ ತರಲು ಹೊಸ ಬೋರೂ ಬೇಡ, ಹೊಸ ಕಾನೂನೂ ಬೇಡ. ಮೂರು ಇಲಾಖೆಗಳ ನಡುವೆ ಒಂದು ಸುತ್ತೋಲೆ, ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಲು ಇಬ್ಬರು ಗುಮಾಸ್ತರು, ಒಂದು ಮಳೆಗಾಲದ ಸಮಯ ಸಾಕು.